ಹೊಗೆಸೊಪ್ಪಿನ ಸೀಮೆಯಲ್ಲಿ ಉಣ್ಣೆಯ ಪುರಾಣ

ಮುಂಗಾರಿನ ಒಂದೆರಡು ಮಳೆ ಬಿದ್ದರೆ ಸಾಕು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ನಾಯಿಗಳು ಕಿವಿ ಕೊಡವಲು ಶುರು ಮಾಡುತ್ತವೆ. ಕಿವಿಯ ಮಡಿಕೆ ಬಿಡಿಸಿ ನೋಡಿದರೆ ರಕ್ತ ಕುಡಿದು ಹರಳುಬೀಜದಂತೆ ಉಬ್ಬಿದ ಉಣ್ಣೆಗಳು. ಈ ಹೋಲಿಕೆ ನಮ್ಮದೊಂದೇ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ 'ರಿಸಿನಸ್' ಎಂದರೆ ಉಣ್ಣೆ. ಸಸ್ಯಶಾಸ್ತ್ರಜ್ಞರು ಹರಳುಗಿಡಕ್ಕೆ ಇಟ್ಟಿರುವ ಹೆಸರೂ ಅದೇ!

ಉಣ್ಣೆ ಕಚ್ಚಿದರೆ ನಾಯಿಗೆ ಲಕ್ವ ಹೊಡೆಯುತ್ತದೆಯೇ? ಹೊಡೆಯುವುದುಂಟು. ಆದರೆ ಅದಕ್ಕೆ ಹೆಸರಾದ ಉಣ್ಣೆ ಇರುವುದು ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ. 1824ರಷ್ಟು ಹಿಂದೆಯೇ ಅಲ್ಲಿನ ಅನ್ವೇಷಕ ವಿಲಿಯಂ ಹೋವೆಲ್, ಸಕಾಲಕ್ಕೆ ಕೀಳದಿದ್ದರೆ ಮನುಷ್ಯರನ್ನೂ ಪ್ರಾಣಿಗಳನ್ನೂ ಕೊಲ್ಲಬಲ್ಲ ಈ ಪುಟ್ಟ ಜೀವಿಯ ಬಗ್ಗೆ ತನ್ನ ದಿನಚರಿಯಲ್ಲಿ ಬರೆದಿದ್ದ. ಅದರ ಜೊಲ್ಲಿನಲ್ಲಿ ನಂಜಿದೆ. ಮೊದಲು ಹಿಂಗಾಲು ಸೋಲುತ್ತದೆ, ಆಮೇಲೆ ಮುಂಗಾಲು, ಕೊನೆಗೆ ಉಸಿರು. ಇಯಾನ್ ಕ್ಲೂನಿಸ್ ರಾಸ್ ಎಂಬ ಪಶುವೈದ್ಯ ವಿಜ್ಞಾನಿ 1920 ಮತ್ತು 30ರ ದಶಕಗಳಲ್ಲಿ ಈ ನಂಜಿನ ಅಧ್ಯಯನ ನಡೆಸಿ, ನಾಯಿಗಳ ರಕ್ತದಿಂದಲೇ ಪ್ರತಿವಿಷ ತೆಗೆಯುವ ದಾರಿ ತೋರಿದರು. 1973ರಲ್ಲಿ ಹೊರಬಂದ ಆಸ್ಟ್ರೇಲಿಯಾದ 50 ಡಾಲರ್ ನೋಟಿನ ಮೇಲೆ ಅವರ ಚಿತ್ರವಿತ್ತು. ಪಶುವೈದ್ಯರೊಬ್ಬರಿಗೆ ನೋಟಿನ ಮೇಲೆ ಜಾಗ ಸಿಗುವುದು ಅಪರೂಪವೇ ಸರಿ.

ನಮ್ಮ ನಾಯಿಗಳನ್ನು ಹೆಚ್ಚಾಗಿ ಕಾಡುವುದು ಕಂದು ಬಣ್ಣದ ನಾಯಿ ಉಣ್ಣೆ. ಇದು ಬಿತ್ತುವುದು ಲಕ್ವವನ್ನಲ್ಲ, ರಕ್ತದ ರೋಗಗಳನ್ನು. ಉಣ್ಣೆ ರೋಗ ಹರಡುತ್ತದೆಂದು ಮೊದಲು ಸಾಧಿಸಿ ತೋರಿಸಿದವರು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್, 1893ರಲ್ಲಿ, ದನಗಳ ಜ್ವರದ ವಿಷಯದಲ್ಲಿ. ಅದಾಗಿ 17 ವರ್ಷಕ್ಕೆ, 1910ರಲ್ಲಿ, ಪ್ಯಾಟನ್ ಎಂಬ ವಿಜ್ಞಾನಿ ನಮ್ಮ ಪಕ್ಕದ ಮದರಾಸಿನಲ್ಲಿ ಬೇಟೆನಾಯಿಗಳ ರಕ್ತದಲ್ಲಿ ಹೊಸ ಪರಾವಲಂಬಿಯೊಂದನ್ನು ಕಂಡ. ನರಿ ಬೇಟೆಗೆಂದು ದೊರೆಗಳು ಸಾಕಿದ್ದ ನಾಯಿಗಳವು. ಆಮೇಲೆ ಅದೇ ಪರಾವಲಂಬಿ ನರಿಯ ರಕ್ತದಲ್ಲೂ ಸಿಕ್ಕಿತು! ಇಂದು 'ಬೆಬೇಸಿಯಾ ಗಿಬ್ಸೋನಿ' ಎನಿಸಿಕೊಂಡಿರುವುದು ಅದೇ. ಜ್ವರ, ಬಿಳಿಚಿದ ವಸಡು, ಮೇಲೇಳಲಾಗದ ನಿಶ್ಶಕ್ತಿ ಅದರ ಲಕ್ಷಣ. ನಮ್ಮಲ್ಲಿ ಸೊಂಟ ಬಿದ್ದಂತೆ ಕಾಣುವ ನಾಯಿಗೆ ಇಂಥ ರೋಗವಿರಬಹುದು. ಹುಚ್ಚು ರೋಗವೂ ಇರಬಹುದು, ಕಚ್ಚುವ ಬದಲು ಲಕ್ವದ ರೂಪದಲ್ಲಿ ಬರುವಂಥದು. ದವಡೆ ಜೋತುಬಿದ್ದು ಜೊಲ್ಲು ಸುರಿಸುವ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಕೈ ಹಾಕುವವರಿದ್ದಾರೆ. ಅದಕ್ಕಿಂತ ಅಪಾಯ ಬೇರಿಲ್ಲ.

ಕಾಡಂಚಿನ ಉಣ್ಣೆಯ ಕಥೆ ಇನ್ನೊಂದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಕಾಡಿನ ಉಣ್ಣೆ ಹರಡುವ ಹೊಸ ವೈರಾಣು. ಮಂಗನ ಕಾಯಿಲೆ ಮಲೆನಾಡಿನದಷ್ಟೇ ಎಂದು ದಶಕಗಳ ಕಾಲ ಅಂದುಕೊಂಡಿದ್ದೆವು. 2012ರ ಕೊನೆಯಲ್ಲಿ ಅದು ಬಂಡೀಪುರದ ಅರಣ್ಯದಲ್ಲಿ ಕಾಣಿಸಿಕೊಂಡಿತು, ಬಳಿಕ ವಯನಾಡಿನಲ್ಲಿ. ಎಚ್.ಡಿ. ಕೋಟೆ ಇರುವುದು ಇವೆರಡರ ಮಗ್ಗುಲಲ್ಲೇ. ಕಾಡಿಗೆ ಮೇಯಲು ಹೋಗಿ ಬಂದ ದನದ ಮೈಮೇಲಿನ ಉಣ್ಣೆಯನ್ನು ಇಲ್ಲಿ ಹಗುರವಾಗಿ ಕಾಣುವಂತಿಲ್ಲ.

ಈ ನಾಲ್ಕೂ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ ಸೀಮೆ. ಊರೂರಿಗೂ ಬ್ಯಾರನ್. ಹೊಗೆಸೊಪ್ಪು ನೆನೆಸಿದ ನೀರನ್ನು ಉಣ್ಣೆಗೆ ಬಳಿಯುವುದು ಹಳ್ಳಿಗಳ ಹಳೆಯ ಮದ್ದು. ಅದು ಮೂಢನಂಬಿಕೆಯಲ್ಲ. ಜರ್ಮನಿಯಲ್ಲಿ 1828ರಲ್ಲಿ ಬೇರ್ಪಡಿಸಿದ ನಿಕೋಟಿನ್ ಬಹುಕಾಲ ಕೀಟನಾಶಕವಾಗಿ ಮಾರಾಟವಾಯಿತು; ಉಣ್ಣೆಯನ್ನು ಅದು ಕೊಲ್ಲುತ್ತದೆ. ತೊಂದರೆ ಇರುವುದು ಅಳತೆಯಲ್ಲಿ. ನಾಯಿ, ಬೆಕ್ಕು ಮೈ ನೆಕ್ಕುತ್ತವೆ, ಚರ್ಮವೂ ಅದನ್ನು ಹೀರುತ್ತದೆ. ಜೊಲ್ಲು, ವಾಂತಿ, ನಡುಕ ಶುರುವಾದರೆ ಉಣ್ಣೆಗಿಂತ ಮೊದಲು ನಾಯಿಯೇ ಹೋಗಬಹುದು. ಸೀಮೆಎಣ್ಣೆಗೂ ಇದೇ ಮಾತು.

ಬೆಕ್ಕಿನ ಪಾಡು ಇನ್ನೂ ನಾಜೂಕು. 1973ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಪರ್ಮೆತ್ರಿನ್ ನಾಯಿಗೆ ಒಗ್ಗುತ್ತದೆ, ಬೆಕ್ಕಿನ ಪಿತ್ತಜನಕಾಂಗ ಮಾತ್ರ ಅದನ್ನು ಅರಗಿಸಲಾರದು. ನಾಯಿಗೆ ತಂದ ಔಷಧಿಯಲ್ಲಿ ಎರಡು ಹನಿ ಬೆಕ್ಕಿಗೂ ಹಾಕಿದರೆ ಸೆಳೆತ ಬಂದು ಸಾಯಬಹುದು. 2014ರಿಂದೀಚೆಗೆ ನಾಯಿಗೆ ನುಂಗಿಸುವ ಹೊಸ ಮಾತ್ರೆಗಳು ಬಂದಿವೆ. ಬೆಲೆ ಕಡಿಮೆಯೇನಲ್ಲ. ಪಶುವೈದ್ಯರು ತೂಕ ನೋಡಿ ಕೊಡಬೇಕು.

ಮೈಮೇಲಿನ ಉಣ್ಣೆಯನ್ನು ಬೆಂಕಿಕಡ್ಡಿಯಿಂದ ಸುಡುವುದು, ಬೆರಳಲ್ಲಿ ಹಿಚುಕುವುದು ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೆಟ್ಟಗೆ ಎಳೆಯಬೇಕು. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ನಾಯಿಯಿಂದ ಇಳಿದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿ ಮಲಗುವ ಗೋಣಿತಾಟನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಜಗಲಿಯ ಬಿರುಕುಗಳನ್ನು ಗಾರೆಯಿಂದ ಮುಚ್ಚುವ ಕೆಲಸ ಮಳೆಗೆ ಮುಂಚೆಯೇ ಆಗಬೇಕು.