ನಮ್ಮ ‘ಇಸು’ ಮತ್ತು ಜೆಫ್ರಿ ಲಿಡ್ಜ್

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ... ನಮ್ಮ ಕಡೆ ಚಿಕ್ಕ ಮಗು ಇರೋ ಯಾವ ಮನೆಗೆ ಹೋದರೂ ಕಿವಿಗೆ ಬೀಳುವ ಮಾತುಗಳಿವು: ‘ಹಾಲು ಕುಡಿಸು’, ‘ತೊಟ್ಟಿಲಲ್ಲಿ ಮಲಗಿಸು’, ‘ಮಗೂನ ಅಳಿಸಬೇಡ’. ಎಲ್ಲದರಲ್ಲೂ ಒಂದು ‘ಇಸು’. ಈ ಪುಟ್ಟ ಪ್ರತ್ಯಯ ಅಮೆರಿಕಾದ ಒಂದು ದೊಡ್ಡ ವಾದದಲ್ಲಿ ಸಾಕ್ಷಿ ಹೇಳಿದೆ ಅಂದ್ರೆ ನಂಬ್ತೀರಾ?

ವಾದ ಇಷ್ಟು: ಮಗು ಭಾಷೆ ಕಲಿಯೋದು ಕೇಳಿದ್ದನ್ನೆಲ್ಲ ಲೆಕ್ಕ ಹಾಕಿಯೋ, ಅಥವಾ ಯಾವುದನ್ನು ಗಮನಿಸಬೇಕು ಅನ್ನೋ ಸಿದ್ಧತೆ ಹುಟ್ಟಿನಿಂದಲೇ ಇರುತ್ತೋ?

ಜೆಫ್ರಿ ಲಿಡ್ಜ್ ಅಮೆರಿಕಾದ ಭಾಷಾವಿಜ್ಞಾನಿ. ಅವರಿಗೂ ಕನ್ನಡಕ್ಕೂ ನಂಟು ಬೆಳೆದದ್ದು ‘ಕೊಳ್ಳು’ವಿನಿಂದ. ‘ಹರಿ ತನ್ನನ್ನು ಹೊಡೆದುಕೊಂಡ’ ಅಂತೀವಿ, ‘ತನ್ನನ್ನು ಹೊಡೆದ’ ಅಂದ್ರೆ ಏನೋ ಸರಿಯಿಲ್ಲ ಅನ್ನಿಸುತ್ತೆ. ಯಾಕೆ? ಇದರ ಬಗ್ಗೆ ಅವರು 1995ರಲ್ಲೇ ಬರೆದರು. ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೆನ್ರಿ ಮತ್ತು ಲೈಲಾ ಗ್ಲೈಟ್‌ಮನ್ ದಂಪತಿಗಳ ಜೊತೆ ಮಕ್ಕಳ ಭಾಷೆಯ ಕಡೆ ತಿರುಗಿದರು.

ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅನ್ನೋದನ್ನು ನೋಡಿಯೇ ಮಕ್ಕಳು ಕ್ರಿಯಾಪದದ ಅರ್ಥ ಊಹಿಸ್ತಾರೆ ಅಂತ ಇಂಗ್ಲಿಷ್ ಮಕ್ಕಳಲ್ಲಿ ಆಗಲೇ ಕಂಡಿತ್ತು. ಆದರೆ ಇಂಗ್ಲಿಷಿನಲ್ಲಿ ಅದೇ ಅತಿ ಒಳ್ಳೆಯ ಸುಳಿವು. ಕಲಿತದ್ದೋ, ಸಿದ್ಧತೆಯೋ ಹೇಳೋದು ಹೇಗೆ? ಕನ್ನಡದಲ್ಲಿ ‘ಇಸು’ ಇದೆ, ಇನ್ನೂ ನಂಬಬಹುದಾದ ಸುಳಿವು. (‘ಪ್ರೀತಿಸು’, ‘ಯೋಚಿಸು’ ಬೇರೆ ಜಾತಿ. ನಾನು ಹೇಳ್ತಿರೋದು ‘ಬೀಳು’ ಇದ್ದದ್ದು ‘ಬೀಳಿಸು’ ಆಗುವಂಥದ್ದು.) ‘ನೋಡು’, ‘ಓದು’ಗಳಲ್ಲಿ ಎರಡು ನಾಮಪದ ಇದ್ದರೂ ಯಾರೂ ಯಾರಿಂದಲೂ ಏನನ್ನೂ ಮಾಡಿಸೋದಿಲ್ಲವಲ್ಲ!

2003ರಲ್ಲಿ ಈ ಮೂವರ ಪ್ರಬಂಧ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಬಂತು. ಕನ್ನಡ ಮಾತಾಡುವ 3 ವರ್ಷದ ಮಕ್ಕಳಿಗೆ ವಾಕ್ಯ ಹೇಳಿ, ಆಟಿಕೆ ಪ್ರಾಣಿಗಳಿಂದ ಆಡಿ ತೋರಿಸಲು ಹೇಳಿದ್ದರು. ‘ಆನೆ ಕುದುರೆಯನ್ನು ಬೀಳುತ್ತೆ’ ಅನ್ನೋ ಥರದ ತಪ್ಪು ವಾಕ್ಯಗಳೂ ಇದ್ದವು. ಮಕ್ಕಳು ‘ಇಸು’ ಇದೆಯೋ ಇಲ್ಲವೋ ನೋಡಲೇ ಇಲ್ಲ! ಎರಡು ನಾಮಪದ ಇದ್ದರೆ ಒಂದು ಇನ್ನೊಂದರಿಂದ ಮಾಡಿಸಿತು, ಒಂದೇ ಇದ್ದರೆ ತಾನೇ ಮಾಡಿತು. ‘ಇಸು’ವಿಗೆ ಬೆಲೆ ಕೊಟ್ಟವರು ದೊಡ್ಡವರು. ಬರೀ ಲೆಕ್ಕ ಹಾಕುವ ಯಂತ್ರವಾಗಿದ್ದರೆ ಮಗು ಮೊದಲು ಹಿಡಿಯಬೇಕಿದ್ದದ್ದು ‘ಇಸು’ವನ್ನೇ ಅಲ್ಲವೇ?

ಆಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋದ ಲಿಡ್ಜ್, ಇದೇ ಪ್ರಶ್ನೆಯನ್ನು ಕಂಪ್ಯೂಟರಿಗೂ ಕೇಳಿದರು. ಹಳದಿ ಬಾಟಲಿ ತೋರಿಸಿ ‘ಇನ್ನೊಂದು ಕಾಣ್ತಾ?’ ಅಂತ ಇಂಗ್ಲಿಷಿನಲ್ಲಿ ಕೇಳಿದರೆ 18 ತಿಂಗಳ ಮಗು ಇನ್ನೊಂದು ಹಳದಿ ಬಾಟಲಿಯನ್ನೇ ನೋಡುತ್ತೆ. ಲೀಸಾ ಪರ್ಲ್ ಜೊತೆ 2009ರಲ್ಲಿ ಪ್ರಕಟಿಸಿದ ಸಂಭವನೀಯತೆಯ ಮಾದರಿ, ಸಿಕ್ಕ ಡೇಟಾವನ್ನೆಲ್ಲ ಬಳಸಿದಾಗ ತಪ್ಪು ಕಲಿಯಿತು. ಕೆಲವು ಬಗೆಯ ವಾಕ್ಯಗಳನ್ನು ಬಿಟ್ಟುಬಿಡು ಅಂದಾಗ ಸರಿ ಕಲಿಯಿತು. ವಾದ ಅಲ್ಲಿಗೇ ಮುಗಿಯಲಿಲ್ಲ ಅನ್ನಿ. 2016ರಲ್ಲಿ ಪರ್ಲ್ ಅವರೇ ಬೆಂಜಮಿನ್ ಮಿಸ್ ಜೊತೆ, ಬೇರೆ ಸರ್ವನಾಮಗಳ ಡೇಟಾ ಸೇರಿಸಿದರೆ ಇನ್ನೊಂದು ದಾರಿಯೂ ಇದೆ ಅಂತ ತೋರಿಸಿದರು.

ಡೇಟಾ ಹೆಚ್ಚಿದಷ್ಟೂ ಕಲಿಕೆ ಹೆಚ್ಚು ಅಂತ ನಂಬಿರುವ ನಮ್ಮಂಥ ಸಾಫ್ಟ್‌ವೇರಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾವುದನ್ನು ಕಿವಿಗೆ ಹಾಕಿಕೊಳ್ಳಬಾರದು ಅನ್ನೋದೂ ಒಂದು ವಿದ್ಯೆ! ಇನ್ನೊಂದು ಮಾತು. ಕನ್ನಡದಂಥ ಭಾಷೆ ಇಲ್ಲದಿದ್ದರೆ ಆ ಪರೀಕ್ಷೆ ಮಾಡೋಕೇ ಆಗುತ್ತಿರಲಿಲ್ಲ. ಹಾಗಿದ್ದಮೇಲೆ ‘ಇಸು’ ಬಗ್ಗೆ ಮುಂದಿನ ಪ್ರಶ್ನೆ ಕೇಳೋರು ನಮ್ಮವರೇ ಯಾಕಾಗಬಾರದು? ನಿಮ್ಮ ಮನೆಯ ಪುಟಾಣಿಗಳು ‘ಇಸು’ವನ್ನು ನುಂಗಿ ಹಾಕಿದ್ದು ನೆನಪಿದ್ದರೆ ಬರೀರಿ.