ಪುರಾನಾ ಪುಲ್ ಮೇಲೆ ಒಂದು ಮಧ್ಯಾಹ್ನ

ಮದುವೆಯೊಂದಕ್ಕೆ ಹೈದರಾಬಾದಿಗೆ ಹೋಗಿದ್ದೆವು. ನಿಕಾಹ್ ಮುಗಿದಿತ್ತು, ದಸ್ತರಖಾನ್ ಹಾಸಿರಲಿಲ್ಲ. ಆ ಊರಿನ ಮದುವೆಯೂಟ ಹೇಳಿದ ಹೊತ್ತಿಗೆ ಬಡಿಸಿದ್ದನ್ನು ನಾವಂತೂ ಕಂಡಿಲ್ಲ. ಹಸಿವು ಮರೆಯಲೆಂದು ಕಾರವಾನ್ ಕಡೆಯಿಂದ ನಡೆದು ಪುರಾನಾ ಪುಲ್ ತಲುಪಿದೆವು.

ಅದು ಸೇತುವೆಯೆಂದು ಕೂಡಲೇ ತಿಳಿಯುವುದಿಲ್ಲ. ಈಗ ವಾಹನಗಳೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ. ಹಳೆಯದರ ಮೇಲೆ ತರಕಾರಿ ಸಂತೆ. ಟೊಮೆಟೊ, ಬದನೆ, ಕೊತ್ತಂಬರಿ ರಾಶಿಗಳ ನಡುವೆ ದಾರಿ ಮಾಡಿಕೊಂಡು ಕಟ್ಟೆಯವರೆಗೆ ಹೋಗಿ ಬಗ್ಗಿದರೆ ಮಾತ್ರ ಕೆಳಗೆ ಕಲ್ಲಿನ ಕಮಾನುಗಳು, ಕಪ್ಪಾದ ಮೂಸಿ ನದಿ. ಕಮಾನುಗಳು ಒಟ್ಟು 22, ಉದ್ದ ಸುಮಾರು 600 ಅಡಿ.

ಗೋಲ್ಕೊಂಡದ ಇಬ್ರಾಹೀಂ ಕುತುಬ್ ಷಾ ಇದನ್ನು ಕಟ್ಟಿಸಿದ್ದು 1578ರಲ್ಲಿ. ಪ್ಯಾರಿಸಿನ ಪಾಂ ನಫ್ ಸೇತುವೆಗೆ ಬುನಾದಿ ಬಿದ್ದದ್ದೂ ಅದೇ ವರ್ಷ. ಮುಂದಿನ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಚೆಲುವಿನಲ್ಲಿ ಎರಡನ್ನೂ ಹೋಲಿಸಿ ಬರೆದ. ಪ್ಯಾರಿಸಿನವರು ತಮ್ಮದನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂಬ ಮಾತು ಬೇಡ.

ಜನ ಹೇಳುವ ಕಥೆ ಬೇರೆ. ರಾಜಕುಮಾರ ಮುಹಮ್ಮದ್ ಕುಲಿ, ನದಿಯಾಚೆಯ ಭಾಗಮತಿಗಾಗಿ ತುಂಬಿದ ಹೊಳೆಗೆ ಕುದುರೆ ಇಳಿಸಿದನಂತೆ. ಹೆದರಿದ ತಂದೆ ಸೇತುವೆ ಕಟ್ಟಿಸಿದನಂತೆ. 'ಪ್ಯಾರಾನಾ ಪುಲ್' ಎನ್ನುವವರೂ ಇದ್ದಾರೆ. ಹರೆಯದಲ್ಲಿ ನಾವೂ ಇದನ್ನು ನಂಬಿ ಕಥೆಯೊಂದರಲ್ಲಿ ಆ ಕುದುರೆಯನ್ನು ಓಡಿಸಿದ್ದುಂಟು. ಆಗ ಲೆಕ್ಕ ಹಾಕಿರಲಿಲ್ಲ. ಸೇತುವೆ ಮುಗಿದಾಗ ಹುಡುಗನಿಗೆ ಹದಿಮೂರರ ಆಸುಪಾಸು! ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ ಭಾಗಮತಿಯ ಕಥೆಯನ್ನೇ ಒಪ್ಪಲಿಲ್ಲ. ಗೋಲ್ಕೊಂಡದ ಕೋಟೆಯೊಳಗೆ ಜನ ಕಿಕ್ಕಿರಿದಿದ್ದರು, ವ್ಯಾಪಾರ ಬೆಳೆದಿತ್ತು, ನದಿ ದಾಟಬೇಕಿತ್ತು. ಆಚೆ ದಡದಲ್ಲಿ ಹೈದರಾಬಾದ್ ಹುಟ್ಟಿದ್ದು 1591ರಲ್ಲಿ. ಅಂದರೆ ಊರಿಗಿಂತ ಮೊದಲು ಸೇತುವೆ ಬಂತು.

ನಮಗೆ ಮಗನಿಗಿಂತ ಅಪ್ಪನ ಕಥೆಯೇ ಹೆಚ್ಚು ಕಾಡುತ್ತದೆ. ಅಣ್ಣ ಜಂಷೀದನಿಗೆ ಹೆದರಿ ಓಡಿದ ಇಬ್ರಾಹೀಮನಿಗೆ ಆಸರೆ ಕೊಟ್ಟದ್ದು ನಮ್ಮ ವಿಜಯನಗರ, ಅಳಿಯ ರಾಮರಾಯ. ಏಳು ವರ್ಷ ಅಲ್ಲಿದ್ದ. ಅಲ್ಲೇ ತೆಲುಗಿನ ರುಚಿ ಹತ್ತಿತು. ಮುಂದೆ ತೆಲುಗು ಕವಿಗಳು ಅವನನ್ನು ಮಲ್ಕಿಭರಾಮನೆಂದು ಹಾಡಿದರು. ಆದರೆ 1565ರಲ್ಲಿ ರಾಮರಾಯನ ವಿರುದ್ಧ ಒಂದಾದ ಸುಲ್ತಾನರಲ್ಲಿ ಅವನೂ ಒಬ್ಬ. ಉಪ್ಪುಂಡ ಮನೆಗೆ ಎದುರು ನಿಂತವನು ಹದಿಮೂರು ವರ್ಷಗಳ ನಂತರ ಸೇತುವೆ ಕಟ್ಟಿಸಿದ. ಅವನನ್ನು ಮೆಚ್ಚುವುದೋ ದೂರುವುದೋ? ತರಕಾರಿ ಕೊಳ್ಳುವವರಿಗೆ ಈ ಚಿಂತೆಯಿಲ್ಲ.

ಕಟ್ಟೆಯ ಪಕ್ಕ ನಿಂತಾಗ ನೆನಪಾದದ್ದು ಅಮ್ಜದ್ ಹೈದರಾಬಾದಿ. ಉರ್ದು ಶಾಲೆಯಲ್ಲಿ ಅವರ ರುಬಾಯಿಗಳನ್ನು ಬಾಯಿಪಾಠ ಮಾಡಿದವರು ನಾವು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಅಮ್ಜದರ ತಾಯಿ, ಹೆಂಡತಿ, ಮಗಳು ಅವರ ಕಣ್ಣೆದುರೇ ನೀರು ಪಾಲಾದರು, ಉಳಿದವರು ಅವರೊಬ್ಬರೇ. ಆ ದಿನವನ್ನು ಕುರಿತ ಅವರ ಕವಿತೆಯ ಹೆಸರು 'ಕಯಾಮತೆ ಸುಗ್ರಾ', ಅಂದರೆ ಕಿರುಪ್ರಳಯ. ಶಾಲೆಯಲ್ಲಿ ಕವಿತೆಗೆ ಅಂಕ ಸಿಕ್ಕಿತು. ನದಿ ಎಲ್ಲಿದೆಯೆಂದು ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಂತರದ ಸೇತುವೆಗಳು ಕುಸಿದ ಆ ಪ್ರವಾಹದಲ್ಲಿ ಈ ಮುದಿ ಸೇತುವೆ ಪೆಟ್ಟು ತಿಂದೂ ನಿಂತಿತು.

ಮರುವರ್ಷ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲೇ ನೀರು ತಡೆಯಿರಿ ಎಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಆದರೂ 2025ರ ಸೆಪ್ಟೆಂಬರಿನಲ್ಲಿ ಮೂಸಿಯ ನೀರು ಬಸ್ ನಿಲ್ದಾಣಕ್ಕೆ ನುಗ್ಗಿತು. ನದಿಯ ಪಾತ್ರದಲ್ಲೇ ಮನೆ ಕಟ್ಟಿಕೊಂಡರೆ ವಿಶ್ವೇಶ್ವರಯ್ಯನವರು ಏನು ಮಾಡಿಯಾರು?

ಆಚೆ ತುದಿಯ ದರ್ವಾಜಾ ತನಕ ನಡೆದು ಹಿಂತಿರುಗಿದೆವು. ಹಳೆಯ ಕೋಟೆಗೋಡೆಯ ಹದಿಮೂರು ಬಾಗಿಲುಗಳಲ್ಲಿ ಉಳಿದ ಎರಡರಲ್ಲಿ ಅದೊಂದು. ಕೊತ್ತಂಬರಿ ಮಾರುವ ಮುದುಕಿಯನ್ನು ಸೇತುವೆ ಯಾರು ಕಟ್ಟಿಸಿದ್ದೆಂದು ಕೇಳಿದೆವು. "ಭಾಗಮತಿಗಾಗಿ ಬಾದಷಾ ಕಟ್ಟಿಸಿದ್ದು" ಎಂದು ದಖ್ಖನಿಯಲ್ಲಿ ಹೇಳಿ, ಕಟ್ಟಿನ ಮೇಲೆ ಎರಡೆಳೆ ಹೆಚ್ಚಿಗೆ ಇಟ್ಟಳು. ನಾವು ತಿದ್ದಲು ಹೋಗಲಿಲ್ಲ. ಕೊತ್ತಂಬರಿ ಹಿಡಿದುಕೊಂಡೇ ಮದುವೆಮನೆಗೆ ಬಂದರೆ, ಆಗಷ್ಟೇ ದಸ್ತರಖಾನ್ ಹಾಸುತ್ತಿದ್ದರು.