ಭಂಗಾರದಂಗಡಿಯ ಗಣಕಯಂತ್ರಗಳು

ಹಳೆಯ ನಾಣ್ಯ, ಅಂಚೆಚೀಟಿ, ನಿಜಾಮರ ಕಾಲದ ಸ್ಟಾಂಪು ಕಾಗದ ಕೂಡಿಸುವವರನ್ನು ತಾವೆಲ್ಲ ಕಂಡಿದ್ದೀರಿ. ಹಳೆಯ ಕಂಪ್ಯೂಟರುಗಳನ್ನು ಕೂಡಿಸಿ, ರಿಪೇರಿ ಮಾಡಿ, ಮತ್ತೆ ನಡೆಸುವ ಹವ್ಯಾಸವೂ ಒಂದಿದೆ ಎಂದರೆ ಕೆಲವರಿಗೆ ನಗು ಬರಬಹುದು. ನಮ್ಮ ದೌಲತಾಬಾದ್, ತಾಂಡೂರು, ನಾರಾಯಣಖೇಡ, ಜಹೀರಾಬಾದ್ ಕಡೆ ಗುಜರಿ ಸಾಮಾನಿಗೆ ಭಂಗಾರ ಎನ್ನುವ ರೂಢಿ. ಬಂಗಾರಕ್ಕೂ ಅದಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ. ತಮಾಷೆಯೆಂದರೆ, ಹಳೆಯ ಕಂಪ್ಯೂಟರ್ ಹಲಗೆಗಳ ಅಂಚಿನ ಹಲ್ಲುಗಳಿಗೆ ನಿಜವಾದ ಚಿನ್ನದ ತೆಳುಲೇಪ ಇರುತ್ತದೆ. ಅದನ್ನು ತೆಗೆಯಲೆಂದೇ ಆಸಿಡ್‌ನಲ್ಲಿ ಅದ್ದಿ, ಸುಟ್ಟು, ಎಷ್ಟೋ ಯಂತ್ರಗಳನ್ನು ಹಾಳುಮಾಡಿದ್ದಾರೆ. ಹಾಗೆ ಹಾಳಾದದ್ದು ಚಿನ್ನಕ್ಕಿಂತ ಬೆಲೆಯುಳ್ಳದ್ದು ಎಂಬುದೇ ಇಂದಿನ ನನ್ನ ಮಾತು.

ನಮ್ಮ ದೇಶದ ಗಣಕಯಂತ್ರದ ಚರಿತ್ರೆ ನಮಗೆ ದೂರದ್ದಲ್ಲ. ಹೈದರಾಬಾದಿನಲ್ಲಿ 1967ರಲ್ಲಿ ಸ್ಥಾಪನೆಯಾದ ಇ.ಸಿ.ಐ.ಎಲ್. ಕಾರ್ಖಾನೆ 1969ರಲ್ಲಿಯೇ ಟಿ.ಡಿ.ಸಿ.-12 ಎಂಬ ಗಣಕವನ್ನು ಹೊರತಂದಿತು. ಅದು ಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ, ಬೀರುವಿನ ಗಾತ್ರದ್ದು. 1978ರಲ್ಲಿ ಐ.ಬಿ.ಎಂ. ಕಂಪನಿ ಸರಕಾರದ ಷರತ್ತುಗಳಿಗೆ ಒಪ್ಪದೆ ಭಾರತ ಬಿಟ್ಟುಹೋಯಿತು. ಅದೇ ವರ್ಷ ಎಚ್.ಸಿ.ಎಲ್. ತನ್ನ 8ಸಿ ಯಂತ್ರವನ್ನು ತಂದಿತು. ಅತ್ತ ಅಮೆರಿಕದಲ್ಲಿ 1981ರ ಆಗಸ್ಟ್ 12ರಂದು ಐ.ಬಿ.ಎಂ. ತನ್ನ 'ಪಿ.ಸಿ.' ಬಿಡುಗಡೆ ಮಾಡಿತು. ಅದರ ಒಳಗಿನ ರಚನೆ ಗುಟ್ಟಾಗಿರಲಿಲ್ಲವಾದ್ದರಿಂದ ಲೋಕದ ತುಂಬ ಅದರ ನಕಲುಗಳು ಹುಟ್ಟಿದವು. ಎಚ್.ಸಿ.ಎಲ್.ನವರ 'ಬಿಸಿಬೀ' ಎಂಬ ಎಂಬತ್ತರ ದಶಕದ ಯಂತ್ರ ಆ ವಂಶದ್ದೇ. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿಯಿಂದ ಬಿಡಿಭಾಗಗಳ ಆಮದು ಸಡಿಲವಾಗಿ ಬೆಲೆ ಇಳಿಯತೊಡಗಿತು. ಅದೇ ಸುಮಾರಿಗೆ ಶಾಲೆಗಳಿಗಾಗಿ 'ಕ್ಲಾಸ್' ಯೋಜನೆ ಬಂತು. ಅದಕ್ಕೆ ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ತರಿಸಿದರು. ಮುಂದೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಅದನ್ನೇ 'ಯೂನಿಕಾರ್ನ್' ಹೆಸರಿನಲ್ಲಿ ಇಲ್ಲಿ ಜೋಡಿಸಿತು. ಅದರ ನೆನಪಿನ ಶಕ್ತಿ ಕೇವಲ 32 ಕಿಲೋಬೈಟ್. ಇಂದು ಮದುವೆಯ ಫೋಟೋ ಒಂದೇ ಅದರ ನೂರು ಪಟ್ಟು ಜಾಗ ಕೇಳುತ್ತದೆ.

ಬ್ಯಾಂಕುಗಳ ಕಥೆಯನ್ನು ನಾನು ಕಣ್ಣಾರೆ ಕಂಡವನು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದಾಗ, ಯಂತ್ರ ಬಂದರೆ ಗುಮಾಸ್ತನ ಅನ್ನ ಹೋಯಿತು ಎಂದು ನಮ್ಮಲ್ಲಿ ಘೋಷಣೆ ಕೂಗಿದವರು ಬಹಳ. ಆ ಭಯ ಸುಳ್ಳಾಗಿರಲಿಲ್ಲ, ಆದರೆ ಪೂರ್ತಿ ನಿಜವೂ ಆಗಲಿಲ್ಲ. ಸಂಘಟನೆಗಳ ಜೊತೆ ಒಪ್ಪಂದವಾಗಿ, ಲೆಡ್ಜರ್ ಬರೆಯುವ ಯಂತ್ರಗಳು ಶಾಖೆಗಳಿಗೆ ಒಂದೊಂದಾಗಿ ಬಂದವು. ಚಪ್ಪಲಿ ಬಿಟ್ಟು ಒಳಗೆ ಬನ್ನಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದ ಹವಾನಿಯಂತ್ರಿತ ಕೋಣೆ, ಒಳಗೆ ಹಸಿರು ಅಕ್ಷರದ ಪರದೆ. ಸೆಖೆಯಲ್ಲಿ ಬೆವರುತ್ತಿದ್ದ ನಾವು, ಮನುಷ್ಯನಿಗಿಲ್ಲದ ತಂಪು ಯಂತ್ರಕ್ಕೆ ಸಿಕ್ಕಿತಲ್ಲ ಎಂದು ಮಾತಾಡಿಕೊಳ್ಳುತ್ತಿದ್ದೆವು.

ಆದರೆ ಆ ಯಂತ್ರಕ್ಕೆ ನಮ್ಮ ಭಾಷೆ ಬರುತ್ತಿರಲಿಲ್ಲ. ಖಾತೆದಾರನ ಹೆಸರು ಇಂಗ್ಲಿಷಿನಲ್ಲೇ ಬರೆಯಬೇಕು. ಬಾಲಪ್ಪ, ಬಾಳಪ್ಪ ಇಬ್ಬರೂ ಅಲ್ಲಿ ಒಂದೇ. ಒಂದೇ ಊರಿನಲ್ಲಿ ಇಬ್ಬರೂ ಇದ್ದರೆ ಅಪ್ಪನ ಹೆಸರು, ಹೊಲದ ಸರ್ವೆ ನಂಬರು ಎಲ್ಲ ಕೇಳಿ ಸಾಲದ ಖಾತೆ ಬೇರ್ಪಡಿಸಬೇಕು.

ನಮ್ಮ ಈ ಭಾಗಕ್ಕೆ ಹೆಸರಿನ ಗೊಂದಲ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1956ರ ನವೆಂಬರ್ 1ಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು; ತಾಂಡೂರು, ಕೊಡಂಗಲ್ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಬಂದವು, 2014ರಿಂದ ತೆಲಂಗಾಣದಲ್ಲಿವೆ. ಅಜ್ಜನ ಕಾಗದ ಉರ್ದುವಿನಲ್ಲಿ, ಮನೆಯ ಹಾಡು ಕನ್ನಡದಲ್ಲಿ, ಮೊಮ್ಮಗನ ಪಾಠ ತೆಲುಗಿನಲ್ಲಿ. ಇಂಥ ಮನೆಗಳಿಗೆ ಯಾವ ಲಿಪಿಯ ಗಣಕ ಬೇಕು?

ಇದಕ್ಕೆ ಉತ್ತರ ಆಗಲೇ ಸಿದ್ಧವಾಗಿತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್' ಕಾರ್ಡು ಅದು. ಕಂಪ್ಯೂಟರಿನ ಒಳಗಿನ ಸ್ಲಾಟಿನಲ್ಲಿ ಈ ಹಲಗೆಯನ್ನು ಸಿಕ್ಕಿಸಿದರೆ, ಇಂಗ್ಲಿಷ್ ಮಾತ್ರ ಬಲ್ಲ ವರ್ಡ್‌ಸ್ಟಾರ್, ಡಿಬೇಸ್ ಮುಂತಾದ ತಂತ್ರಾಂಶಗಳಲ್ಲಿಯೇ ಕನ್ನಡ ಬರೆಯಬಹುದಿತ್ತು. ಇದರ ಜೀವಾಳ 'ಇಸ್ಕಿ' ಎಂಬ ಸಂಕೇತ ಪದ್ಧತಿ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅದನ್ನು ಅಧಿಕೃತಗೊಳಿಸಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲ ಅಕ್ಕತಂಗಿಯರು ಎಂಬುದನ್ನು ಅದು ಲೆಕ್ಕದಲ್ಲಿ ಹಿಡಿಯಿತು. ಕನ್ನಡದ 'ಕ'ಕ್ಕೂ ತೆಲುಗಿನ 'ಕ'ಕ್ಕೂ ಹಿಂದಿಯ 'ಕ'ಕ್ಕೂ ಅದರಲ್ಲಿ ಒಂದೇ ಸಂಖ್ಯೆ. ಆದ್ದರಿಂದ ಕನ್ನಡದಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ತೆಲುಗು ಲಿಪಿಯಲ್ಲಿ ಕಾಣಬಹುದಿತ್ತು. ಭಾಷೆ ಬದಲಾಗದು, ಅಂಗಿ ಮಾತ್ರ ಬದಲು. ಕೀಲಿಮಣೆಯೂ ಎಲ್ಲ ಲಿಪಿಗೂ ಒಂದೇ. ಗಡಿನಾಡಿಗೆಂದೇ ಮಾಡಿದಂತಿದ್ದ ಈ ವಸ್ತು ಗಡಿನಾಡಿನ ಹಳ್ಳಿಗೆ ಬಂದದ್ದು ಬಹಳ ಕಡಿಮೆ.

ಮುಂದಿನ ಕಥೆ ಚುಟುಕಾಗಿ ಹೇಳುತ್ತೇನೆ. ಕೆ.ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆ, 1998ರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಕನ್ನಡಿಗರ ಕೈಗೆ ಬಂದವು. ಇವುಗಳಿಂದ ಆದ ಉಪಕಾರ ದೊಡ್ಡದು. ಆದರೆ ಆ ಕಾಲದಲ್ಲಿ ಒಂದೊಂದು ತಂತ್ರಾಂಶದ ಅಕ್ಷರಕ್ಕೆ ಒಂದೊಂದು ಸಂಕೇತವಾಗಿ, ಒಬ್ಬರು ಬರೆದದ್ದು ಇನ್ನೊಬ್ಬರ ಯಂತ್ರದಲ್ಲಿ ಕಲಸುಮೇಲೋಗರವಾಗುತ್ತಿತ್ತು. ಯೂನಿಕೋಡ್ ಹರಡಿದ ಮೇಲೆ ಆ ಕಾಟ ತಪ್ಪಿತು. ಅದರಲ್ಲಿ ಕನ್ನಡ, ತೆಲುಗು ಬೇರೆ ಬೇರೆ ಮನೆ ಮಾಡಿದರೂ ಒಳಗಿನ ಸಾಲು ಇಸ್ಕಿಯದೇ. ಎರಡು 'ಕ'ಗಳ ನಡುವಿನ ಅಂತರ ಸರಿಯಾಗಿ 128.

ಈಗ ಹವ್ಯಾಸದ ವಿಷಯ. ನನ್ನ ಹತ್ತಿರ ಇರುವುದು ನಾಲ್ಕು ಯಂತ್ರ. ಅದರಲ್ಲಿ ನನಗೆ ಪ್ರಿಯವಾದದ್ದು 286 ಜಾತಿಯದು, ತೂಕದ ಲೆಕ್ಕದಲ್ಲಿ ಕೊಂಡದ್ದು. ಇಂಥ ಯಂತ್ರಕ್ಕೆ ದೊಡ್ಡ ಶತ್ರು ಒಳಗಿನ ಬ್ಯಾಟರಿ. ದಿನಾಂಕ, ಡಿಸ್ಕಿನ ವಿವರ ನೆನಪಿಡಲೆಂದು ಹಲಗೆಗೆ ಬೆಸುಗೆ ಹಾಕಿದ ಸಣ್ಣ ಬ್ಯಾಟರಿ ವರ್ಷಗಳು ಕಳೆದಂತೆ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ನಾನು ಅದನ್ನು ಕತ್ತರಿಸಿ, ಜಾಗವನ್ನು ವಿನಿಗರ್ ಹಚ್ಚಿದ ಬಟ್ಟೆಯಿಂದ ಒರೆಸಿ, ತಂತಿಯ ಮೂಲಕ ಹೊರಗಿನ ಬ್ಯಾಟರಿ ಕೊಟ್ಟೆ. ಈ ಯಂತ್ರಕ್ಕೆ ಹೊಸ ಶತಮಾನ ಬಂದದ್ದೇ ಗೊತ್ತಿರಲಿಲ್ಲ, 1980 ಎಂದು ತೋರಿಸುತ್ತಿತ್ತು. ನೆನಪಿನ ಚಿಪ್ಪುಗಳನ್ನು 1 ಮೆಗಾಬೈಟಿನಿಂದ 4ಕ್ಕೆ ಏರಿಸಿದೆ. ಕರ್ಕಶವಾಗಿ ಕೂಗಿ ನಿಂತುಹೋದ 40 ಮೆಗಾಬೈಟಿನ ಹಾರ್ಡ್‌ಡಿಸ್ಕಿನ ಬದಲಿಗೆ ಹಳೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಒಂದು ಅಡಾಪ್ಟರ್ ಇಟ್ಟು ಜೋಡಿಸಿದೆ. ಬಿಡಿಭಾಗಕ್ಕಾಗಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರಸ್ತೆ ಎರಡನ್ನೂ ಅಲೆದಿದ್ದೇನೆ. ಅಲ್ಲಿಯ ಹುಡುಗರು ನನ್ನನ್ನು ನೋಡಿ ನಗುತ್ತಾರೆ, ಚಹಾ ಕೊಡುತ್ತಾರೆ.

ಹಳೆಯದನ್ನು ಇದ್ದಂತೆಯೇ ಇಡಬೇಕು, ಏನನ್ನೂ ಬದಲಿಸಬಾರದು ಎಂಬ ಪಂಥದವರೂ ಇದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ನಡೆಯದ ಗಿರಣಿ ಹಿಟ್ಟು ಬೀಸದು. ಆದರೆ ತೆಗೆದ ಭಾಗವನ್ನು ಚೀಟಿ ಬರೆದು ಡಬ್ಬಿಯಲ್ಲಿ ಇಡಬೇಕು. ಹಳೆ ಪೆಟ್ಟಿಗೆಯೊಳಗೆ ಹೊಸ ಯಂತ್ರ ತುರುಕಿ ನವೀಕರಣ ಎನ್ನುವುದು ಮಾತ್ರ ನನಗೆ ಸೇರುವುದಿಲ್ಲ.

ಈ ಖಟಾಟೋಪದಿಂದ ಏನು ಉಪಯೋಗವಾಯಿತು, ಕೇಳಿ. ನನಗೆ ಗೊತ್ತಿರುವ ಒಬ್ಬ ನಿವೃತ್ತ ಮಾಸ್ತರರು ತೊಂಬತ್ತರ ದಶಕದಲ್ಲಿ ತಮ್ಮ ತಾಯಿಯ ಬೀಸುವ ಹಾಡುಗಳನ್ನು ಬೀದರದ ಒಂದು ಕಡೆ ಜಿಸ್ಟ್ ಯಂತ್ರದಲ್ಲಿ ಟೈಪು ಮಾಡಿಸಿ ಫ್ಲಾಪಿಗಳಲ್ಲಿ ಇಟ್ಟಿದ್ದರು, ಅಂಗೈಗಿಂತ ಅಗಲವಾದ ಐದೂಕಾಲು ಇಂಚಿನವು. ಮುದ್ರಿಸಿದ ಪ್ರತಿ ಗೆದ್ದಲು ಹಿಡಿದು ಹೋಯಿತು, ತಾಯಿಯೂ ಇಲ್ಲ. ಫ್ಲಾಪಿ ಓದುವ ಯಂತ್ರ ಯಾರ ಬಳಿಯೂ ಇರಲಿಲ್ಲ. ನನ್ನ 286ರಲ್ಲಿ ಹಾಕಿದೆವು. 11 ಫ್ಲಾಪಿಗಳಲ್ಲಿ ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಏಳು ತೆರೆದವು. ಪರದೆಯ ಮೇಲೆ ಬಂದದ್ದು ಅರ್ಥವಾಗದ ಚಿಹ್ನೆಗಳು, ಏಕೆಂದರೆ ನನ್ನಲ್ಲಿ ಜಿಸ್ಟ್ ಕಾರ್ಡು ಇಲ್ಲ. ಆದರೆ ಅದು ಇಸ್ಕಿಯಾದ್ದರಿಂದ ಸಂಖ್ಯೆಗೆ ಸಂಖ್ಯೆ ಕೂಡಿಸಿ ಯೂನಿಕೋಡಿಗೆ ಇಳಿಸುವುದು ಸಾಧ್ಯವಾಯಿತು. ಕಂಪ್ಯೂಟರ್ ಓದಿದ ಒಬ್ಬ ಹುಡುಗ ಎರಡು ಸಂಜೆಯಲ್ಲಿ ಮಾಡಿಕೊಟ್ಟ.

ಮಾಸ್ತರರ ಮೊಮ್ಮಕ್ಕಳು ತೆಲುಗು ಮಾಧ್ಯಮದವರು. ಮನೆಯಲ್ಲಿ ಕನ್ನಡ ಆಡುತ್ತಾರೆ, ಅಕ್ಷರ ಬಾರದು. ಅವರಿಗಾಗಿ ಅದನ್ನೇ ತೆಲುಗು ಲಿಪಿಯಲ್ಲೂ ಅಚ್ಚು ಹಾಕಿಸಿದೆವು. ಮುತ್ತಜ್ಜಿಯ ಕನ್ನಡದ ಹಾಡನ್ನು ಆ ಹುಡುಗಿ ತೆಲುಗು ಅಕ್ಷರದಲ್ಲಿ ತಡವರಿಸದೆ ಓದಿದಳು. ಒಂದು ಕಡೆ ಪದ ತಪ್ಪಿದಾಗ ಮಾಸ್ತರರು ತಿದ್ದಿದರು, ಅದು ಟೈಪು ಮಾಡಿದವನ ತಪ್ಪು.

ತಮ್ಮ ಊರಿನ ಶಾಲೆ, ಸಹಕಾರ ಸಂಘ, ಮುದ್ರಣಾಲಯಗಳ ಅಟ್ಟದಲ್ಲಿ ಇಂಥ ಯಂತ್ರವೋ ಫ್ಲಾಪಿಯೋ ಇದ್ದರೆ, ಭಂಗಾರಕ್ಕೆ ಹಾಕುವ ಮೊದಲು ಒಳಗೆ ಏನಿದೆ ಎಂದು ಯಾರಾದರೂ ತಿಳಿದವರಿಂದ ನೋಡಿಸಿರಿ. ಫ್ಲಾಪಿಯನ್ನು ಬಿಸಿಲಿಗೆ ಒಣಗಿಸಬೇಡಿರಿ, ಸ್ಪೀಕರ್ ಪೆಟ್ಟಿಗೆಯ ಹತ್ತಿರ ಇಡಬೇಡಿರಿ. ಹಳೆ ಯಂತ್ರಕ್ಕೆ ಒಮ್ಮೆಲೆ ಕರೆಂಟು ಕೊಡಬೇಡಿರಿ; ಮೊದಲು ಬ್ಯಾಟರಿ ಸೋರಿದೆಯೇ ನೋಡಿ ತೆಗೆಸಿರಿ. ಡಬ್ಬಿಯಂಥ ಹಳೆ ಮಾನಿಟರನ್ನು ಮಾತ್ರ ಯಾರೂ ಬಿಚ್ಚಬೇಡಿರಿ. ವೈರು ಕಿತ್ತ ಮೇಲೂ ಅದರೊಳಗೆ ಸಾವಿರಾರು ವೋಲ್ಟು ಉಳಿದಿರಬಹುದು, ಗಾಜಿನಲ್ಲಿ ಸೀಸವೂ ಇರುತ್ತದೆ. ಜಿಸ್ಟ್ ಕಾರ್ಡು ಸಿಕ್ಕರೆ ಆ ಯಂತ್ರದಿಂದ ಬೇರೆ ಮಾಡದೆ, ಅದರ ಜೊತೆ ಬಂದ ಡಿಸ್ಕು, ಪುಸ್ತಕಗಳ ಸಮೇತ ಒಂದೇ ಕಡೆ ಇಡಿಸಿರಿ.